‘ನಿಜವಾದ ಕ್ರೂಸೋ ಯಾರು?’ ಎಂದು ಕೇಳುವವರಿಗೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೆರಡಾದರೂ ‘ರಾಬಿನ್ಸನ್ ಕ್ರೂಸೋ’ ಕಾದಂಬರಿಯನ್ನು ಕುರಿತೇ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳುತ್ತವೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ ಈ ಬಾರಿ ಎಲ್ಲಕ್ಕೂ ಒಟ್ಟಿಗೆ ಬರೆಯುತ್ತಿದ್ದೇನೆ. ಕಾದಂಬರಿಯ ಕಥೆಯನ್ನು ಮತ್ತೆ ಹೇಳುವುದಿಲ್ಲ. ಅದನ್ನು ನೀವು ಬಲ್ಲಿರೆಂದೇ ಭಾವಿಸುತ್ತೇನೆ.

ಪ್ರಶ್ನೆ: ಇದು ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ನಾವಿಕನ ನಿಜಜೀವನದ ಕಥೆಯಂತೆ. ಡ್ಯಾನಿಯಲ್ ಡಿಫೋ ಹೆಸರನ್ನು ಮಾತ್ರ ಬದಲಿಸಿದನೆಂದು ಒಂದು ವಿಡಿಯೊದಲ್ಲಿ ಕೇಳಿದೆ. ಹೌದೇ? (ಹಾಸನದ ಓದುಗರೊಬ್ಬರು)

ಅಲ್ಲ. ವಿಡಿಯೊ ಮಾಡುವವರು ಎರಡು ಪುಸ್ತಕಗಳನ್ನೂ ತೆರೆದು ನೋಡಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಎರಡು ಪುಸ್ತಕಗಳು ಎಂದೆ: ಒಂದು 1719ರಲ್ಲಿ ಬಂದ ಡಿಫೋನ ಕಾದಂಬರಿ, ಇನ್ನೊಂದು ಸೆಲ್ಕರ್ಕನನ್ನು ದ್ವೀಪದಿಂದ ಕರೆತಂದ ಕಪ್ತಾನ ವುಡ್ಸ್ ರೋಜರ್ಸ್ 1712ರಲ್ಲಿ ಪ್ರಕಟಿಸಿದ ಪ್ರಯಾಣಕಥನ.

ಸೆಲ್ಕರ್ಕ್ ಸ್ಕಾಟ್ಲೆಂಡಿನ ಲಾರ್ಗೋ ಎಂಬ ಊರಿನ ಚಮ್ಮಾರನ ಮಗ, ಜಗಳಗಂಟ. ಅವನ ಹಡಗು ಒಡೆಯಲಿಲ್ಲ, ಬಿರುಗಾಳಿಗೆ ಸಿಲುಕಿ ಅವನು ದಡ ಸೇರಿದ್ದೂ ಅಲ್ಲ. ‘ಸಿಂಕ್ ಪೋರ್ಟ್ಸ್’ ಎಂಬ ಹಡಗು 1704ರಲ್ಲಿ ಚಿಲಿಯ ಪಶ್ಚಿಮಕ್ಕೆ ಸುಮಾರು 670 ಕಿಲೋಮೀಟರ್ ದೂರದ ಹುವಾನ್ ಫರ್ನಾಂಡಿಸ್ ದ್ವೀಪಸಮೂಹದಲ್ಲಿ ತಂಗಿದ್ದಾಗ, ಹುಳು ಕೊರೆದು ನೀರು ಸೋರುವ ಈ ಹಡಗಿನಲ್ಲಿ ಮುಂದೆ ಹೋಗುವುದಿಲ್ಲವೆಂದು ಕಪ್ತಾನ ಸ್ಟ್ರಾಡ್ಲಿಂಗನೊಡನೆ ಜಗಳವಾಡಿ, ತನ್ನನ್ನು ಇಲ್ಲಿಯೇ ಬಿಟ್ಟುಹೋಗಿ ಎಂದು ತಾನಾಗಿಯೇ ಹಟ ಹಿಡಿದ. ದೋಣಿ ಹೊರಡುವಾಗ ಮನಸ್ಸು ಬದಲಾಯಿಸಿ ಬೇಡಿಕೊಂಡರೂ ಕಪ್ತಾನ ಅವನನ್ನು ಮರಳಿ ಹತ್ತಿಸಿಕೊಳ್ಳಲಿಲ್ಲ. ಹಡಗಿನ ಬಗ್ಗೆ ಸೆಲ್ಕರ್ಕ್ ಹೇಳಿದ್ದು ಸರಿಯಾಗಿಯೇ ಇತ್ತು. ಅದು ಮುಂದೆ ಹಾಳಾಗಿ, ಬದುಕುಳಿದವರು ಸ್ಪೇನಿನವರ ಸೆರೆಗೆ ಸಿಕ್ಕರು.

ಈಗ ಇಬ್ಬರ ಕೈಯಲ್ಲಿ ಏನಿತ್ತು ಎಂಬುದನ್ನು ಎಣಿಸಿ ನೋಡಿ. ಸೆಲ್ಕರ್ಕನ ಬಳಿ ಒಂದು ಬಂದೂಕು, ಒಂದಿಷ್ಟು ಮದ್ದುಗುಂಡು, ಕೊಡಲಿ, ಚಾಕು, ಬೇಯಿಸಲು ಒಂದು ಪಾತ್ರೆ, ಹಾಸಿಗೆ, ಬಟ್ಟೆ, ಬೈಬಲ್, ತಂಬಾಕು, ನೌಕಾಯಾನದ ಕೆಲವು ಉಪಕರಣಗಳು ಮತ್ತು ಪುಸ್ತಕಗಳಿದ್ದವು. ಕ್ರೂಸೋನಾದರೋ ಒಡೆದ ಹಡಗಿಗೆ ಮತ್ತೆ ಮತ್ತೆ ಹೋಗಿ, ಬಡಗಿಯ ಪೆಟ್ಟಿಗೆಯಿಂದ ಹಿಡಿದು ರಮ್ ಮದ್ಯದವರೆಗೆ, ಹಾಯಿ ಹಗ್ಗ ಶಾಯಿ ಕಾಗದದವರೆಗೆ ಒಂದು ಅಂಗಡಿಗಾಗುವಷ್ಟು ಸರಕನ್ನು ತೆಪ್ಪದಲ್ಲಿ ಸಾಗಿಸಿಕೊಳ್ಳುತ್ತಾನೆ. ಒಬ್ಬನದು ಪಸಿಫಿಕ್ ಸಾಗರದ ದ್ವೀಪ, ಇನ್ನೊಬ್ಬನದು ದಕ್ಷಿಣ ಅಮೆರಿಕದ ಇನ್ನೊಂದು ಪಕ್ಕದಲ್ಲಿ, ಒರಿನೊಕೊ ನದೀಮುಖದ ಹತ್ತಿರ. ಒಬ್ಬನು ಅಲ್ಲಿದ್ದದ್ದು ನಾಲ್ಕು ವರ್ಷ ನಾಲ್ಕು ತಿಂಗಳು, ಇನ್ನೊಬ್ಬನು ಇಪ್ಪತ್ತೆಂಟು ವರ್ಷ. ಕ್ರೂಸೋ ಹೊರಟದ್ದೇ ಬ್ರೆಜಿಲಿನ ತೋಟಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತರಲು ಎಂಬುದನ್ನು ಮಕ್ಕಳ ಸಂಕ್ಷಿಪ್ತ ಆವೃತ್ತಿ ಮಾತ್ರ ಓದಿದವರು ಅರಿಯರು. ಸೆಲ್ಕರ್ಕನ ಬದುಕಿನಲ್ಲಿ ಅಂಥ ತೋಟದ ಸುಳಿವೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ದಿನನಿತ್ಯದ ಬದುಕಿನಲ್ಲಿದೆ. ಕ್ರೂಸೋ ಬಾರ್ಲಿ ಬಿತ್ತಿ, ಮಡಕೆ ಸುಟ್ಟು, ಬೇಲಿ ಕಟ್ಟಿ, ತನ್ನ ಸುಖದುಃಖಗಳನ್ನು ಸಾಹುಕಾರನ ಖಾತೆಪುಸ್ತಕದಂತೆ ಎರಡು ಕಡೆ ಬರೆದುಕೊಳ್ಳುವ ಮನುಷ್ಯ. ಸೆಲ್ಕರ್ಕನಾದರೋ ಓಡುವವನು. ರೋಜರ್ಸ್ ಬರೆದಿರುವ ಪ್ರಕಾರ, ಮದ್ದು ಮುಗಿದ ಮೇಲೆ ಅವನು ಬರಿಗಾಲಿನಲ್ಲಿ ಬಂಡೆಗಳ ಮೇಲೆ ಮೇಕೆಗಳನ್ನು ಅಟ್ಟಿ ಹಿಡಿಯುತ್ತಿದ್ದ. ಸುಮಾರು 500 ಮೇಕೆಗಳನ್ನು ಕೊಂದ ಲೆಕ್ಕ ಇಟ್ಟಿದ್ದ. ಅಷ್ಟೇ ಸಂಖ್ಯೆಯವನ್ನು ಹಿಡಿದು, ಕಿವಿಗೆ ಗುರುತು ಹಾಕಿ ಬಿಟ್ಟಿದ್ದ. ಒಮ್ಮೆ ಮೇಕೆಯೊಂದನ್ನು ಹಿಡಿದ ರಭಸಕ್ಕೆ ಅದರೊಡನೆಯೇ ಕಡಿದಾದ ಬಂಡೆಯಿಂದ ಉರುಳಿ, ಬಹಳ ಹೊತ್ತು ಪ್ರಜ್ಞೆಯಿಲ್ಲದೆ ಬಿದ್ದು, ಎಚ್ಚರವಾದಾಗ ಸತ್ತ ಮೇಕೆ ತನ್ನ ಅಡಿಯಲ್ಲೇ ಇತ್ತಂತೆ. ರಾತ್ರಿ ಇಲಿಗಳು ಕಾಲನ್ನು ಕಡಿಯುತ್ತಿದ್ದುದರಿಂದ ಬೆಕ್ಕಿನ ಮರಿಗಳಿಗೆ ಮೇಕೆಯ ಮಾಂಸ ಹಾಕಿ ಸಾಕಿ, ಅವುಗಳ ನಡುವೆ ಮಲಗುತ್ತಿದ್ದ. ಸೂಜಿಯ ಬದಲು ಮೊಳೆ, ನೂಲಿನ ಬದಲು ತೊಗಲಿನ ಎಳೆ, ಹೀಗೆ ಮೇಕೆಚರ್ಮದ ಅಂಗಿ ಟೋಪಿಗಳನ್ನು ಹೊಲಿದುಕೊಂಡಿದ್ದ. 1709ರ ಫೆಬ್ರುವರಿಯಲ್ಲಿ ರೋಜರ್ಸನ ಹಡಗು ಬಂದಾಗ ಅವನ ಮಾತು ಅರ್ಧರ್ಧವಾಗಿ ಹೊರಡುತ್ತಿತ್ತು. ಬಳಕೆಯಿಲ್ಲದೆ ಭಾಷೆ ಅಷ್ಟು ಮರೆತುಹೋಗಿತ್ತು. ಕ್ರೂಸೋ ಇಪ್ಪತ್ತೆಂಟು ವರ್ಷದ ಬಳಿಕವೂ ಒಂದಕ್ಷರ ತಪ್ಪದೆ ಉಪದೇಶ ಮಾಡುತ್ತಾನೆ.

ಸೆಲ್ಕರ್ಕನ ಪಕ್ಷದವರಿಗೆ ನಾನು ಒಂದನ್ನು ಮಾತ್ರ ಒಪ್ಪಿಕೊಡುತ್ತೇನೆ, ಅದು ಮೇಕೆಚರ್ಮ. ಕ್ರೂಸೋನ ದ್ವೀಪ ಭೂಮಧ್ಯರೇಖೆಯಿಂದ ಒಂಬತ್ತು ಡಿಗ್ರಿಯಷ್ಟೇ ಉತ್ತರಕ್ಕಿದೆ. ಆ ಸೆಕೆಯಲ್ಲಿ ಅಂಗಿ, ಚಡ್ಡಿ, ಟೋಪಿ, ಕೊಡೆ ಎಲ್ಲವನ್ನೂ ರೋಮವಿರುವ ತೊಗಲಿನಲ್ಲಿ ಮಾಡಿಕೊಳ್ಳುವವನಿಗೆ ಬುದ್ಧಿ ನೆಟ್ಟಗಿದೆ ಎನ್ನಲಾದೀತೇ? ಬಿಸಿಲು ಮಳೆ ತಡೆಯಲೆಂದು ಕಾದಂಬರಿ ಸಮಜಾಯಿಷಿ ಕೊಡುತ್ತದೆ, ನಿಜ. ಆದರೆ ಚಳಿಗಾಲವಿರುವ ಸೆಲ್ಕರ್ಕನ ದ್ವೀಪದಲ್ಲಿ ಅರ್ಥವಿದ್ದ ಉಡುಪು ಬಿಸಿಲಿನ ದ್ವೀಪಕ್ಕೆ ಹೇಗೆ ಬಂತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದರ ಆಚೆಗೆ ಡಿಫೋ ಓದಿದ್ದು ಬಹಳ. ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ 1660ರಲ್ಲಿ ಸಿಂಹಳದ ಕ್ಯಾಂಡಿ ಅರಸನ ಸೆರೆಯಾಗಿ, ಹತ್ತೊಂಬತ್ತು ವರ್ಷಗಳ ಬಳಿಕ ತಪ್ಪಿಸಿಕೊಂಡು, 1681ರಲ್ಲಿ ಆ ಕಥೆಯನ್ನು ಅಚ್ಚುಹಾಕಿಸಿದ. ಟೋಪಿ ಹೆಣೆದು ಮಾರುತ್ತ, ಭತ್ತ ಸಾಲ ಕೊಡುತ್ತ, ಬೈಬಲ್ ಓದುತ್ತ ಪರದೇಶದಲ್ಲಿ ಸಂಸಾರ ಹೂಡಿದಂತೆ ಬದುಕಿದ ಈ ನಾಕ್ಸ್, ಸ್ವಭಾವದಲ್ಲಿ ಸೆಲ್ಕರ್ಕನಿಗಿಂತ ಎಷ್ಟೋ ಪಾಲು ಕ್ರೂಸೋಗೆ ಹತ್ತಿರದವನೆಂದು ನನ್ನ ಅಭಿಪ್ರಾಯ. ಡಿಫೋ ಅವನನ್ನು ಬಲ್ಲನೆಂಬುದಕ್ಕೆ ಪುರಾವೆ ಹುಡುಕಬೇಕಾಗಿಲ್ಲ. ಮರುವರ್ಷದ ತನ್ನ ಇನ್ನೊಂದು ಕಾದಂಬರಿಯಲ್ಲಿ ನಾಕ್ಸನ ಹೆಸರು ಹೇಳಿಯೇ ಅವನ ಕಥೆಯನ್ನು ಸೇರಿಸಿದ್ದಾನೆ. ನಾಕ್ಸನೇ ‘ನಿಜವಾದ ಕ್ರೂಸೋ’ ಎಂದು ಇನ್ನು ಯಾರೂ ಪತ್ರ ಬರೆಯಬೇಡಿ. ಸೆಲ್ಕರ್ಕನ ಸುದ್ದಿಯಿಂದ ದ್ವೀಪದ ಕಥೆಗೆ ಓದುಗರಿದ್ದಾರೆಂಬುದು ಡಿಫೋಗೆ ತಿಳಿದಿತ್ತು, ಮೇಕೆಚರ್ಮವೂ ಸಿಕ್ಕಿತು. ಉಳಿದದ್ದು ಅರವತ್ತರ ಅಂಚಿನ ಒಬ್ಬ ಅನುಭವಿ ಬರಹಗಾರನ ಕೆಲಸ.

ಪ್ರಶ್ನೆ: ಪುಸ್ತಕದ ಮುಖಪುಟದಲ್ಲೇ ‘ಕ್ರೂಸೋ ಸ್ವತಃ ಬರೆದದ್ದು’ ಎಂದಿದೆಯಲ್ಲ?

ಇದೆ. ಡಿಫೋನ ಹೆಸರೇ ಅಲ್ಲಿಲ್ಲ. ಅದು ಮಾರಾಟದ ಜಾಣತನ.

ಪ್ರಶ್ನೆ: ಬ್ರಿಸ್ಟಲಿನ ಹೋಟೆಲೊಂದರಲ್ಲಿ ಡಿಫೋ ಸೆಲ್ಕರ್ಕನನ್ನು ಭೇಟಿಯಾಗಿ ಅವನ ಕಾಗದಪತ್ರಗಳನ್ನು ಕದ್ದನಂತೆ?

ಭೇಟಿಗೂ ಪುರಾವೆ ಇಲ್ಲ, ಕಳವಿಗೂ ಇಲ್ಲ. ರೋಜರ್ಸನ ಪುಸ್ತಕ ಏಳು ವರ್ಷದಿಂದ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಕದಿಯುವ ಅಗತ್ಯವೇನಿತ್ತು?

ಪ್ರಶ್ನೆ: ಕಾದಂಬರಿಯಲ್ಲಿ ಕ್ರೂಸೋಗೆ ಜೊತೆಯಾಗುವ ಫ್ರೈಡೇ ನಿಜವಾಗಿ ಇದ್ದನೇ?

ಸೆಲ್ಕರ್ಕನಿಗೆ ಅಂಥ ಜೊತೆಗಾರ ಯಾರೂ ಇರಲಿಲ್ಲ. ಆದರೆ ಈ ಪ್ರಶ್ನೆ ನನಗೆ ಇಷ್ಟವಾಗಲು ಕಾರಣವಿದೆ. ಸೆಲ್ಕರ್ಕನಿಗೂ ಮೊದಲೇ, 1681ರಲ್ಲಿ, ವಿಲ್ ಎಂಬ ಮಧ್ಯ ಅಮೆರಿಕದ ಮಿಸ್ಕಿಟೊ ಜನಾಂಗದವನು ಬೇಟೆಗೆ ಹೋಗಿದ್ದಾಗ ಹಡಗು ಬಿಟ್ಟುಹೋಗಿ, ಅದೇ ದ್ವೀಪದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಇದ್ದ. ಮದ್ದು ಮುಗಿದಾಗ ಚಾಕುವಿನ ಅಲಗಿಗೆ ಹಲ್ಲು ಮಾಡಿ ಗರಗಸವಾಗಿಸಿ, ಅದರಿಂದ ಬಂದೂಕಿನ ನಳಿಗೆಯನ್ನು ತುಂಡರಿಸಿ, ಕಬ್ಬಿಣ ಕಾಯಿಸಿ ಈಟಿಯನ್ನೂ ಮೀನಿನ ಗಾಳವನ್ನೂ ಮಾಡಿಕೊಂಡ. 1684ರಲ್ಲಿ ಅವನನ್ನು ಕರೆದೊಯ್ದ ಹಡಗಿನಲ್ಲಿದ್ದ ವಿಲಿಯಂ ಡ್ಯಾಂಪಿಯರ್ ಇದನ್ನು ದಾಖಲಿಸಿದ್ದಾನೆ. ಇಪ್ಪತ್ತೈದು ವರ್ಷಗಳ ಬಳಿಕ ಸೆಲ್ಕರ್ಕನನ್ನು ಕರೆತಂದ ರೋಜರ್ಸನ ಹಡಗಿಗೆ ದಾರಿ ತೋರಿದವನೂ ಇದೇ ಡ್ಯಾಂಪಿಯರ್. ವಿಲ್‌ನನ್ನು ಎದುರುಗೊಳ್ಳಲು ಮೊದಲು ದಡಕ್ಕೆ ಜಿಗಿದ ಅವನ ಕುಲದವನ ಹೆಸರು ರಾಬಿನ್. ಈ ಹೆಸರಿನ ಮೇಲೆ ದಯವಿಟ್ಟು ಹೊಸ ಸಿದ್ಧಾಂತ ಕಟ್ಟಬೇಡಿ.

ಪ್ರಶ್ನೆ: ನಕಾಶೆಯಲ್ಲಿ ‘ಅಲೆಹಾಂಡ್ರೊ ಸೆಲ್ಕರ್ಕ್ ದ್ವೀಪ’ ಕಂಡೆ. ಅವನಿದ್ದದ್ದು ಅಲ್ಲಿಯೇ ತಾನೇ?

ಅಲ್ಲಿ ಅವನು ಕಾಲಿಟ್ಟಿಲ್ಲ. 1966ರಲ್ಲಿ ಚಿಲಿ ಸರ್ಕಾರ ಅವನಿದ್ದ ದ್ವೀಪಕ್ಕೆ ‘ರಾಬಿನ್ಸನ್ ಕ್ರೂಸೋ’ ಎಂದೂ ಬಹುದೂರದ ಇನ್ನೊಂದಕ್ಕೆ ಅವನ ಹೆಸರನ್ನೂ ಇಟ್ಟಿತು. ಪ್ರವಾಸಿಗರಿಗೆ ತೋರಿಸುವ ‘ಕ್ರೂಸೋ ಗುಹೆ’ಯನ್ನೂ ಇದೇ ಸಾಲಿಗೆ ಸೇರಿಸಿ, ಸೆಲ್ಕರ್ಕ್ ಗುಡಿಸಲು ಕಟ್ಟಿಕೊಂಡಿದ್ದವನು.

ಪ್ರಶ್ನೆ: ಮರಳಿ ಬಂದ ಮೇಲೆ ಅವನು ಏನಾದ?

1711ರಲ್ಲಿ, ರೋಜರ್ಸನ ತಂಡ ದಾರಿಯಲ್ಲಿ ಮಾಡಿದ ಲೂಟಿಯ ಪಾಲಿನ ಹಣದೊಡನೆ ಲಂಡನ್ನಿಗೆ ಬಂದ, ಊರಿಗೆ ಹೋದ, ಅಲ್ಲಿ ನಿಲ್ಲಲಾರದೆ ನೌಕಾಪಡೆ ಸೇರಿದ. 1721ರ ಡಿಸೆಂಬರಿನಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಜ್ವರದಿಂದ ‘ವೇಮತ್’ ಹಡಗಿನ ಮೇಲೆ ಸತ್ತ. ಹೆಣವನ್ನು ಸಮುದ್ರಕ್ಕೆ ಇಳಿಸಿದರು.