ಮಗುವಿನ ಎಮರ್ಜೆನ್ಸಿ ಮುಗಿದ ಮೇಲೆ ಡಿಬ್ರೀಫಿಂಗ್ ಯಾಕೆ?

ಹಾಸನದಲ್ಲಿ ಹೌಸ್ ಸರ್ಜನ್ ಆಗಿರುವವರು ಕೇಳಿದ್ದಾರೆ: ಮಗುವಿಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡೋದು) ಕೊಟ್ಟು ಮುಗಿದ ಮೇಲೆ ಟೀಮನ್ನು ಸೇರಿಸಿ ಮಾತಾಡಿಸುತ್ತಾರಲ್ಲ, ಆ ಡಿಬ್ರೀಫಿಂಗ್ ತಪ್ಪು ಹುಡುಕೋಕಾ?

ಅಲ್ಲ. ಏನಾಯ್ತು, ಯಾಕೆ ಹಾಗಾಯ್ತು ಅನ್ನೋದಷ್ಟೇ ಅಲ್ಲಿನ ವಿಷಯ. ಕೇಸ್ ಮುಗಿದ ಕೂಡಲೇ ಕೆಲವೇ ನಿಮಿಷ ಮಾಡಿದರೆ 'ಹಾಟ್'. ಕೆಲವು ದಿನ ಬಿಟ್ಟು, ಕೇಸ್ ಶೀಟ್ ಇಟ್ಟುಕೊಂಡು ಮಾಡಿದರೆ 'ಕೋಲ್ಡ್'.

ಮಕ್ಕಳಲ್ಲಿ ಹೃದಯ ನಿಲ್ಲುವುದು ಅಪರೂಪ, ಹಾಗಾಗಿ ಕಲಿಯುವವರ ಕೈ ಪಳಗೋದಿಲ್ಲ. ಮೇಲಾಗಿ ಔಷಧಿಯೆಲ್ಲ ತೂಕದ ಲೆಕ್ಕ. ಸಕಲೇಶಪುರ ಕಡೆಯಿಂದ ರಾತ್ರಿ 10 ಕೆಜಿ ಮಗು ಬಂತು ಅಂದುಕೊಳ್ಳಿ. ಹೃದಯ ನಿಂತಾಗ ಕೊಡುವ ಔಷಧಿ ಅಡ್ರಿನಲಿನ್ ಕೆಜಿಗೆ 0.01 ಮಿಲಿಗ್ರಾಂ, ಅಂದರೆ 0.1 ಮಿಲಿಗ್ರಾಂ. ಗಾಬರಿಯಲ್ಲಿ ದೊಡ್ಡವರ 1 ಮಿಲಿಗ್ರಾಂ ಕೊಟ್ಟರೆ ಹತ್ತು ಪಟ್ಟು! ಅದಕ್ಕೇ ಡಿಬ್ರೀಫಿಂಗಿನಲ್ಲಿ ಕೇಳುತ್ತಾರೆ: ತೂಕ ಯಾರು ಹೇಳಿದರು? ಡೋಸನ್ನು ಇನ್ನೊಬ್ಬರು ತಿರುಗಿ ಹೇಳಿದರಾ? ಎದೆ ಒತ್ತೋದು 10 ಸೆಕೆಂಡಿಗಿಂತ ಜಾಸ್ತಿ ನಿಂತಿತಾ?

ನನ್ನ ಪ್ರಕಾರ ಮೊದಲು ನರ್ಸ್ ಅಥವಾ ಜೂನಿಯರ್ ಮಾತಾಡಬೇಕು. ಮೇಡಂ, ಸರ್ ಶುರು ಮಾಡಿದರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ, ಅಲ್ವಾ?

ಮಗು ಉಳಿಯದೇ ಹೋದರೆ ಮೊದಲು ಅಪ್ಪ ಅಮ್ಮನ ಜೊತೆ ಯಾರಾದರೂ ಇರಬೇಕು. ಡಿಬ್ರೀಫಿಂಗ್ ಆಮೇಲೆ. ಅಳು ಬರುತ್ತಿರುವವರನ್ನು ಬಲವಂತವಾಗಿ ಮಾತಾಡಿಸಬೇಡಿ, ಇದು ಕೌನ್ಸೆಲಿಂಗ್ ಅಲ್ಲ.

ಕೊನೆಗೆ ಒಂದೆರಡು ಕೆಲಸವನ್ನು ಹೆಸರು ಹಾಕಿ ಬರೆದಿಡಿ. ಉಸಿರು ಕೊಡೋಕೆ ಚಿಕ್ಕ ಸೈಜಿನ ಮಾಸ್ಕ್ ಸಿಗಲಿಲ್ಲವಾದರೆ, ನಾಳೆ ಟ್ರಾಲಿಗೆ ಅದನ್ನು ಯಾರು ತಂದಿಡುತ್ತಾರೆ ಅಂತ.