ಆನ್‌ಲೈನ್ ಹರಾಜಿನಲ್ಲಿ ಹಳೇ ವಾಚಿಗೆ ಕೂಗಿ, ಆಮೇಲೆ ಸಂಕಟ ಪಡೋದನ್ನ ನಿಲ್ಲಿಸೋದು ಹೇಗೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಅಪ್ಪ ಕಟ್ಟುತ್ತಿದ್ದಂಥ ಎಚ್‌ಎಂಟಿ ಜನತಾ ವಾಚು ಬೇಕು ಅಂತ ಹರಾಜು ನೋಡೋಕೆ ಶುರು ಮಾಡಿದಿರಿ. ರಾತ್ರಿ ಊಟ ಆದಮೇಲೆ ಫೋನ್ ಹಿಡಿದು ಕೂತರೆ ಸಾವಿರಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದು ಮೂರು ಸಾವಿರ ದಾಟುತ್ತದೆ. ಬೆಳಿಗ್ಗೆ ಎದ್ದರೆ ಹೊಟ್ಟೆಯಲ್ಲಿ ಸಂಕಟ. ಮನೆಯವರ ಹತ್ತಿರ ಹೇಳೋಕೂ ಆಗುತ್ತಿಲ್ಲ. ಇದು ಚಟವಾ ಅಂತ ಕೇಳಿದ್ದೀರಿ.

ಸಾಲ ಮಾಡಿ ಕೂಗುತ್ತಿದ್ದರೆ, ಸಂಬಳ ಅದಕ್ಕೇ ಹೋಗುತ್ತಿದ್ದರೆ, ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಷ್ಟು ದೂರ ಹೋಗಿಲ್ಲ ಅಂದರೆ ಮುಂದೆ ಓದಿ.

ನಾನು ಹಾಸನದಲ್ಲಿ, ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ವಾಚ್ ರಿಪೇರಿ ಮಾಡುತ್ತೇನೆ. ಹರಾಜಿನಲ್ಲಿ ಗೆದ್ದ ವಾಚುಗಳು ಕೊನೆಗೆ ನನ್ನಂಥವರ ಮೇಜಿಗೇ ಬರುತ್ತವೆ. ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚುವುದಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಮೇಲೆ ಹಳೇ ವಾಚುಗಳನ್ನು ಹುಡುಕುವವರು ಜಾಸ್ತಿಯಾದರು.

ಮೊನ್ನೆ ಬೇಲೂರಿನ ಕಡೆಯ ಮೇಷ್ಟ್ರೊಬ್ಬರು ಒಂದು ಜನತಾ ತಂದಿದ್ದರು. ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ಕಣ್ಣಿಗೆ ಲೂಪ್, ಅಂದರೆ ನಮ್ಮ ಪುಟ್ಟ ಭೂತಗನ್ನಡಿ, ಇಟ್ಟು ನೋಡಿದೆ. ಡಯಲ್ ಮೇಲಿನ ಅಕ್ಷರ ದಪ್ಪ, ಅಂಚು ಕದಡಿತ್ತು. ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ಸಣ್ಣಗಿರುತ್ತದೆ. ಹಿಂದಿನ ಮುಚ್ಚಳ ತೆಗೆದು ಮಷೀನ್ ಹೊರಗೆ ತೆಗೆದೆ. ಡಯಲ್‌ಗೆ ಹಿಂದೆ ಎರಡು ಪುಟ್ಟ ಕಾಲು ಇರಬೇಕು, ಎರಡೂ ಮುರಿದಿದ್ದವು. ಗಮ್ ಹಾಕಿ ಅಂಟಿಸಿದ್ದರು. ಹೀಗೆ ಹೊಸದಾಗಿ ಬಣ್ಣ ಬಳಿದು, ಸಿಕ್ಕಿದ ಬಿಡಿಭಾಗ ಕೂಡಿಸಿ ಮಾಡಿದ ವಾಚಿಗೆ ಸಂಗ್ರಹಕಾರರು ‘ಮುಂಬೈ ಸ್ಪೆಷಲ್’ ಅಂತಾರೆ.

ಎಷ್ಟು ಕೊಟ್ಟಿರಿ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಮೇಷ್ಟ್ರು ತಾವಾಗೇ ಹೇಳಿದರು. ‘ಕೊನೇ ನಿಮಿಷದಲ್ಲಿ ಇನ್ನೊಬ್ಬ ಬಂದುಬಿಟ್ಟ ಕಣ್ರೀ. ಅವನಿಗೆ ಬಿಟ್ಟುಕೊಡೋಕೆ ಮನಸ್ಸೇ ಬರಲಿಲ್ಲ.’

ಈ ಮಾತನ್ನು ಗಮನಿಸಿ. ಬಂದವರೆಲ್ಲ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ. ವಾಚಿನ ಬಗ್ಗೆ ಮಾತೇ ಇರುವುದಿಲ್ಲ, ಎಲ್ಲಾ ಆ ಇನ್ನೊಬ್ಬನ ಬಗ್ಗೆ. ಅಂದರೆ ಬೆಲೆ ಕಟ್ಟಿದ್ದು ನೀವಲ್ಲ, ಅವನು. ಅವನೋ ನಿಮ್ಮನ್ನು ನೋಡಿ ಕಟ್ಟುತ್ತಿದ್ದ. ವಾಚಿಗೆ ಅಷ್ಟು ಬೆಲೆ ಇದೆಯಾ ಅಂತ ಇಬ್ಬರೂ ಕೇಳಿಕೊಂಡಿರುವುದಿಲ್ಲ. ಬೆಳಿಗ್ಗೆ ಆ ಇನ್ನೊಬ್ಬ ಇರುವುದಿಲ್ಲ, ವಾಚು ಮಾತ್ರ ಇರುತ್ತದೆ. ಸಂಕಟ ಬರುವುದು ಆಗಲೇ.

ನಮ್ಮ ಊರುಗಳಲ್ಲೂ ಸವಾಲು ಕೂಗುತ್ತಾರಲ್ಲ. ಗಣಪತಿ ಬಿಡುವ ದಿನ ಹಾರ, ಲಾಡು, ಹಣ್ಣಿನ ಬುಟ್ಟಿ ಹರಾಜಿಗೆ ಬರುತ್ತವೆ. ಅಲ್ಲೂ ಹಟಕ್ಕೆ ಬಿದ್ದು ಕೂಗುತ್ತಾರೆ. ಆದರೆ ಅಲ್ಲಿ ‘ಒಂದು ಸಾರಿ, ಎರಡು ಸಾರಿ’ ಅನ್ನುವಾಗ ಉಸಿರು ಬಿಡೋಕೆ ಹೊತ್ತು ಸಿಗುತ್ತದೆ. ಹಿಂದಿನಿಂದ ಅಣ್ಣನೋ ಭಾವನೋ ಅಂಗಿ ಜಗ್ಗುತ್ತಾರೆ, ‘ಸಾಕು ಬಾರೋ’ ಅಂತಾರೆ. ಜಾಸ್ತಿ ಕೊಟ್ಟರೂ ದುಡ್ಡು ದೇವರ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಫೋನ್ ಹಿಡಿದು ಕೂತವರ ಅಂಗಿ ಜಗ್ಗುವವರು ಯಾರೂ ಇಲ್ಲ. ‘ನಿಮಗಿಂತ ಹೆಚ್ಚಿಗೆ ಕೂಗಿದ್ದಾರೆ’ ಅಂತ ಮೆಸೇಜ್ ಬರುತ್ತದೆ, ಕೆಳಗೇ ಬಟನ್ ಇರುತ್ತದೆ.

ನೀವೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ಯಂಗ್ ಹಾನ್ ಲೀ ಮತ್ತು ಉಲ್ರಿಕ್ ಮಾಲ್ಮೆಂಡಿಯರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಇಬೇ ಅನ್ನುವ ಆನ್‌ಲೈನ್ ಸೈಟಿನ ಹರಾಜುಗಳನ್ನು ಕೂತು ನೋಡಿದರು. ಅವರ ಲೇಖನ ಬಂದಿದ್ದು 2011ರಲ್ಲಿ. ಒಂದು ಬೋರ್ಡ್ ಗೇಮ್ ಹರಾಜಿಗೂ ಇತ್ತು, ಅದೇ ಸೈಟಿನಲ್ಲಿ ಅದೇ ಹೊತ್ತಿಗೆ ನಿಗದಿತ ಬೆಲೆಗೂ ಸಿಗುತ್ತಿತ್ತು. ಆದರೂ ನೂರಕ್ಕೆ 42 ಹರಾಜುಗಳು ಆ ನಿಗದಿತ ಬೆಲೆಯನ್ನೂ ಮೀರಿ ಮುಗಿದವು. ಪಕ್ಕದಲ್ಲೇ ಕಡಿಮೆಗೆ ಸಿಗುವಾಗಲೂ ಜನ ಜಾಸ್ತಿ ಕೊಟ್ಟು ಗೆದ್ದರು!

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ಮನಸ್ಸು ಗಟ್ಟಿ ಮಾಡಿಕೊಳ್ಳುವುದರಿಂದ ಆಗುವ ಕೆಲಸ ಅಲ್ಲ ಇದು. ಬೆಲೆ ಕಟ್ಟುವ ಕೆಲಸವನ್ನು ರಾತ್ರಿಯಿಂದ ಹಗಲಿಗೆ ತನ್ನಿ. ಅಂಥದ್ದೇ ವಾಚು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ. ಕೊರಿಯರ್ ಖರ್ಚು ಕಳೆಯಿರಿ, ಸರ್ವಿಸ್ ಖರ್ಚು ಕಳೆಯಿರಿ. ಹಳೇ ವಾಚಿಗೆ ಸರ್ವಿಸ್ ಬೇಕೇ ಬೇಕು. ಉಳಿದದ್ದೇ ನಿಮ್ಮ ಕೊನೇ ಬೆಲೆ. ಅದನ್ನು ಮನೆಯವರಿಗೆ ಹೇಳಿಬಿಡಿ. ಮುಚ್ಚಿಡೋಕೆ ಏನೂ ಉಳಿಯುವುದಿಲ್ಲ.

ಇಬೇ ತರದ ಸೈಟುಗಳಲ್ಲಿ ಆ ಕೊನೇ ಬೆಲೆಯನ್ನು ಒಂದೇ ಸಲ ಬರೆದುಕೊಡಬಹುದು. ನಿಮ್ಮ ಪರವಾಗಿ ಸೈಟೇ ಬೇಕಾದಷ್ಟು ಮಾತ್ರ ಏರಿಸುತ್ತದೆ. ನೀವು 1,500 ಬರೆದಿದ್ದು, ಎದುರಿನವನು 1,100ಕ್ಕೆ ನಿಂತರೆ, 1,100ಕ್ಕಿಂತ ಸ್ವಲ್ಪ ಮೇಲೆ ನಿಮಗೆ ಸಿಗುತ್ತದೆ. ಪೂರ್ತಿ 1,500 ಹೋಗುವುದಿಲ್ಲ. ಗೆದ್ದವನು ಎರಡನೆಯವನ ಬೆಲೆ ಕೊಟ್ಟರೆ ಸಾಕು ಅನ್ನುವ ಹರಾಜಿನಲ್ಲಿ, ವಸ್ತು ತನಗೆ ಎಷ್ಟು ಬಾಳುತ್ತದೋ ಅಷ್ಟನ್ನೇ ಬರೆಯುವುದು ಒಳ್ಳೇದು ಅಂತ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು. ಅವರಿಗೆ 1996ರಲ್ಲಿ ನೊಬೆಲ್ ಬಂತು. ಆದರೆ ಜನ ಮಾಡುವುದೇನು? ಮೊದಲು 600 ಹಾಕುತ್ತಾರೆ, ಆಮೇಲೆ 700, ಆಮೇಲೆ 750. ಒಂದೊಂದು ಸಲವೂ ‘ಇನ್ನೈವತ್ತು ತಾನೇ’ ಅನ್ನಿಸುತ್ತದೆ. ನೀವು ಒಂದೇ ಸಲ ಬರೆದು, ನೋಟಿಫಿಕೇಶನ್ ಆಫ್ ಮಾಡಿ ಮಲಗಿ.

ವಾಟ್ಸಾಪ್, ಫೇಸ್‌ಬುಕ್ ಗುಂಪಿನ ಹರಾಜಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಒಬ್ಬ ಗೆಳೆಯನಿಗೆ ಕೊನೇ ಬೆಲೆ ಹೇಳಿ, ನಿಮ್ಮ ಪರವಾಗಿ ಅವನೇ ಕೂಗಲಿ. ಮತ್ತೆ ಫೋನ್ ಮಾಡಿ ಏರಿಸು ಅಂದರೆ ಒಪ್ಪಬಾರದು ಅಂತ ಮೊದಲೇ ಮಾತು ತಗೊಳ್ಳಿ. ಮಾರುವವನು ಒಳಗಿನ ಮಷೀನ್ ಫೋಟೋ ಹಾಕದೆ ಇದ್ದರೆ ಸುಮ್ನೆ ಮುಂದೆ ಹೋಗಿ.

ಇನ್ನೊಂದು ಮಾತು. ಆ ಕಡೆ ಏರಿಸುತ್ತಿರುವವನು ಮಾರುವವನ ಕಡೆಯವನೇ ಆಗಿರಬಹುದು. ಬೆಲೆ ಏರಿಸೋಕೆ ಅಂತ ಮಾರುವವನು ಸುಳ್ಳು ಕೂಗು ಕೂಗಿಸಿದ್ದರೆ, ಆ ವ್ಯಾಪಾರವೇ ಬೇಡ ಅನ್ನುವ ಹಕ್ಕು ಕೊಂಡವನಿಗಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅನುಮಾನ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹೇಳಿದ್ದೊಂದು ಕಳಿಸಿದ್ದೊಂದು ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮೇಷ್ಟ್ರಿಗೂ ಡಯಲ್‌ನ ಹಿಂಬದಿಯ ಫೋಟೋ ತೆಗೆದುಕೊಟ್ಟು ಇದನ್ನೇ ಹೇಳಿ ಕಳಿಸಿದೆ.

ಕೊನೆಯದಾಗಿ, ಅಪ್ಪನ ಸ್ವಂತ ವಾಚು ಏನಾಯಿತು ಅಂತ ನೀವು ಬರೆದಿಲ್ಲ. ಹೀಗೆ ಹುಡುಕುವ ಎಷ್ಟೋ ಜನರ ಮನೆಯ ಬೀರುವಿನಲ್ಲೇ ಅದು ನಿಂತು ಬಿದ್ದಿರುತ್ತದೆ. ಅಮ್ಮನನ್ನು ಕೇಳಿ, ಹಳೇ ಟ್ರಂಕ್ ನೋಡಿ. ಸಿಕ್ಕರೆ ಬಲವಂತವಾಗಿ ಕೀ ತಿರುಗಿಸಬೇಡಿ, ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ನಿಮ್ಮೂರಿನಲ್ಲಿ ಕೀ ಕೊಡುವ ವಾಚು ಬಿಚ್ಚಬಲ್ಲವರಿಗೆ ಕೊಡಿ. ತೊಳೆದು ಎಣ್ಣೆ ಬಿಟ್ಟರೆ ಬಹಳಷ್ಟು ವಾಚು ಮತ್ತೆ ನಡೆಯುತ್ತವೆ. ಒಳಗೆ ಅತ್ತಿತ್ತ ಆಡುವ ಚಕ್ರ, ಬ್ಯಾಲೆನ್ಸ್, ಮುರಿದಿದ್ದರೂ ಜನತಾಗೆ ಬಿಡಿಭಾಗ ಇನ್ನೂ ಸಿಗುತ್ತವೆ. ಗಾಜು ಬದಲಾಯಿಸಿ, ಆದರೆ ಡಯಲ್‌ಗೆ ಬಣ್ಣ ಹೊಡೆಸಬೇಡಿ. ಮಾಸಿದ್ದರೂ ಹಾಗೇ ಇರಲಿ.