ಬಾಡಿಗೆಗೆ ಕೊಡುವ ಮುಂಚೆ ಮನೆಯ ಫೋಟೋ ತೆಗೆದಿಡಬೇಕು ಅಂತಾರಲ್ಲ, ಯಾಕೆ?

ಮನೆ ಖಾಲಿಯಾದ ದಿನ ಕಾಣುವ ಹಾನಿ ಹೊಸದೋ ಹಳೆಯದೋ ಎಂದು ತೋರಿಸಲು ಅದೇ ಗಟ್ಟಿ ಆಧಾರ. ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯಬೇಕಾದರೆ ಹೋಲಿಸಿ ನೋಡಲು ಮೊದಲಿನ ಸ್ಥಿತಿ ಬೇಕಲ್ವಾ? ಬಣ್ಣ ಮಾಸುವುದು ಸಹಜ ಸವೆತ, ಅದಕ್ಕೆ ಬಾಡಿಗೆದಾರರ ಹತ್ತಿರ ದುಡ್ಡು ಕೇಳುವುದು ನ್ಯಾಯವಲ್ಲ. ಒಡೆದ ವಾಶ್‌ಬೇಸಿನ್ ಬೇರೆ ಮಾತು.

ಸುಮ್ನೆ ಹಾಲ್‌ನ ನಾಲ್ಕು ಫೋಟೋ ಸಾಲದು. ಸಿಂಕಿನ ಕೆಳಗಿನ ತೇವದ ಕಲೆ, ಬಾಗಿಲ ಚಿಲಕ ತಾಗಿ ಗೋಡೆಯಲ್ಲಿ ಆದ ಗುಳಿ, ಟೈಲ್ಸ್ ಮೂಲೆಯ ಬಿರುಕು: ಜಗಳ ಜಾಸ್ತಿ ಹುಟ್ಟುವುದು ಇಂಥ ಕಡೆಯೇ. ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ಇಲ್ಲದಿದ್ದರೆ ಆ ಬಿರುಕು ಯಾವ ಕೋಣೆಯದೆಂದೇ ಆಮೇಲೆ ಗೊತ್ತಾಗುವುದಿಲ್ಲ. ಕೀ ಕೊಡುವ ದಿನವೇ ಬಾಡಿಗೆದಾರರ ಜೊತೆ ಮನೆಯೆಲ್ಲ ನೋಡಿ, ಕಂಡ ಹಾನಿಗಳ ಪಟ್ಟಿ ಬರೆದು, ಅದಕ್ಕೆ ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ. ಒಂದು ಪ್ರತಿ ಅವರಿಗೂ ಕೊಡಿ.